ಮರದ ಚಿಬ್ಬು ರೋಗವೇ? ಕಲ್ಲುಹೂವಿನ ಗುರುತು ಹಿಡಿಯುವ ಬಗೆ



ಹೋದ ಶ್ರಾವಣದಲ್ಲಿ ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಗೆ ಹೋಗಿದ್ದೆ. ಭತ್ತದ ನಾಟಿ ಮುಗಿಯುತ್ತ ಬಂದಿತ್ತು. ಗದ್ದೆಯ ಬದುವಿನ ಮೇಲೆ ನಿಂತು ಗೊಬ್ಬರದ ಮಾತು ಆಡುತ್ತಿದ್ದಾಗ, ಹಿರಿಯ ರೈತರೊಬ್ಬರು ನನ್ನ ಕೈ ಹಿಡಿದು ತಮ್ಮ ತೆಂಗಿನ ತೋಟಕ್ಕೆ ಕರೆದುಕೊಂಡು ಹೋದರು.

"ನೋಡ್ರಿ ಸಾಹೇಬ್ರೆ, ಮರದ ಮೈಗೆಲ್ಲಾ ಚಿಬ್ಬು ಹತ್ತೈತಿ. ಒಂದು ಬೆಳ್ಳಗೈತಿ, ಒಂದು ಬೂದಿ ಬಣ್ಣ, ಅಲ್ಲೊಂದು ಕಡೆ ಅರಿಷಿಣ ಚೆಲ್ಲಿದಂಗೈತಿ. ಯಾವ ಔಷಧಿ ಹೊಡೀಬೇಕು, ಒಂದು ಚೀಟಿ ಬರ್ಕೊಡ್ರಿ" ಎಂದರು.

ನಾನು ಚೀಟಿ ಬರೆಯಲಿಲ್ಲ. "ಇದಕ್ಕೆ ಔಷಧಿ ಬೇಡ" ಎಂದೆ. ಅವರು ನಕ್ಕುಬಿಟ್ಟರು. "ಔಷಧಿ ಬೇಡ ಅನ್ನೋ ಸಾಹೇಬ್ರನ್ನ ಇದೇ ಮೊದಲು ನೋಡಿದ್ದು" ಎಂದರು.

ಬಾಂಧವರೇ, ಆ ಮಾತನ್ನು ಹೇಳುವ ಧೈರ್ಯ ನನಗೆ ಪುಸ್ತಕದಿಂದ ಬಂದದ್ದಲ್ಲ. ಒಂದು ತಪ್ಪಿನಿಂದ ಬಂದದ್ದು. ಆ ತಪ್ಪನ್ನು ಮೊದಲು ಹೇಳಿ ಮುಂದಿನ ಮಾತಿಗೆ ಹೋಗುತ್ತೇನೆ.

ನಾನು ಕೃಷಿ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸದು. ಬೇರೆ ಒಂದು ಹಳ್ಳಿಯಲ್ಲಿ ಒಬ್ಬ ತಾಯಿ ಇದ್ದರು. ಗಂಡ ತೀರಿಕೊಂಡಿದ್ದರು. ಮನೆಯ ಹಿಂದೆ ಹನ್ನೊಂದು ತೆಂಗಿನ ಮರ. ಉಪ್ಪು ಎಣ್ಣೆಯ ಖರ್ಚೆಲ್ಲ ಆ ಹನ್ನೊಂದು ಮರದಿಂದಲೇ ಹುಟ್ಟಬೇಕು. ಎರಡು ಮರದಲ್ಲಿ ಕಾಯಿ ಕಡಿಮೆಯಾಗಿದೆ, ಗರಿ ಜೋತುಬಿದ್ದಿದೆ ಎಂದು ನನ್ನನ್ನು ಕರೆಸಿದರು. ಹೋಗಿ ನೋಡಿದೆ. ಕಾಂಡದ ತುಂಬ ಬೆಳ್ಳನೆಯ ಬಿಲ್ಲೆಗಳು. ಕಣ್ಣಿಗೆ ಹೊಡೆದು ಕಾಣುವುದು ಅದೇ ಅಲ್ಲವೇ? "ಇದೇ ರೋಗ" ಎಂದೆ. ತೆಂಗಿನ ನಾರಿನಿಂದ ಉಜ್ಜಿ ಕೆರೆಸಿ, ಮೈಲುತುತ್ತದ ದ್ರಾವಣ ಬಳಿಸಿದೆ. ಕೂಲಿ ಬೇರೆ, ಔಷಧಿಯ ಹಣ ಬೇರೆ. ಮರಗಳು ಮದುವೆಯ ಮನೆಯ ಕಂಬದ ಹಾಗೆ ಚೊಕ್ಕಟವಾದವು. ಮುಂದಿನ ವರ್ಷದೊಳಗೆ ಆ ಎರಡೂ ಒಣಗಿ ಹೋದವು. ಅದರ ಮುಂದಿನ ವರ್ಷ ಪಕ್ಕದ ಇನ್ನೂ ಮೂರು ಹೋದವು.

ರೋಗ ಇದ್ದದ್ದು ಕಾಂಡದ ಮೇಲಿನ ಬಿಳುಪಿನಲ್ಲಲ್ಲ. ಬುಡದಲ್ಲಿ, ನೆಲಕ್ಕೆ ತಾಗಿದ ಕಡೆ, ಕೆಂಗಂದು ಬಣ್ಣದ ಅಂಟು ರಸ ಒಸರುತ್ತಿತ್ತು. ಅದು ಅಣಬೆ ರೋಗ. ನಾನು ಬಗ್ಗಿ ನೋಡಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಹಾಗಾಯಿತು. ಆ ತಾಯಿ ನನಗೆ ಒಂದು ಕಟು ಮಾತನ್ನೂ ಆಡಲಿಲ್ಲ. "ನಿಮಗೂ ಗೊತ್ತಾಗಲಿಲ್ಲ ಅಂದ್ರೆ ನಮಗೇನು ಗೊತ್ತಾಗ್ತದಪ್ಪ" ಅಂದರು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಆವತ್ತಿನಿಂದ ಈ ಬಿಳಿ ಬಿಲ್ಲೆಗಳ ಗುರುತು ಹಿಡಿಯುವುದನ್ನು ಕಲಿಯತೊಡಗಿದೆ.

ಹಾಗಾದರೆ ಇದು ಏನು? ಇದರ ಹೆಸರು ಕಲ್ಲುಹೂವು. ತಾಯಂದಿರಿಗೆ ಈ ಹೆಸರು ಹೊಸದಲ್ಲ. ಮಸಾಲೆ ಪುಡಿಗೆ ಹಾಕುವ, ಒಣಗಿದ ಎಲೆಯ ಚೂರಿನಂತೆ ಒಂದು ಬದಿ ಬೂದಿ, ಇನ್ನೊಂದು ಬದಿ ಕಪ್ಪಗಿರುವ ಕಲ್ಲುಹೂವು ನಿಮ್ಮ ಡಬ್ಬಿಯಲ್ಲೇ ಇದೆ. ಅಂಗಡಿಯಲ್ಲಿ ದಗಡ ಫೂಲು ಎಂದರೂ ಕೊಡುತ್ತಾರೆ. ವಿಜ್ಞಾನಿಗಳು ಈ ಇಡೀ ವರ್ಗಕ್ಕೆ ಲೈಕೆನ್ ಎನ್ನುತ್ತಾರೆ. ಹೆಸರಿಗೆ ಹೂವು; ಆದರೆ ಹೂವೂ ಅಲ್ಲ, ಗಿಡವೂ ಅಲ್ಲ. ಕಲ್ಲಿನ ಮೇಲೆ ಮಾತ್ರ ಬೆಳೆಯುವುದೂ ಅಲ್ಲ.

ಇದು ಇಬ್ಬರು ಕೂಡಿ ಮಾಡುವ ಸಂಸಾರ. ನಮ್ಮ ಕಡೆ ಹೊಲವನ್ನು ಕೋರಿಗೆ ಹಾಕುವ ಪದ್ಧತಿ ಗೊತ್ತಲ್ಲ. ಒಬ್ಬರ ಭೂಮಿ, ಒಬ್ಬರ ದುಡಿಮೆ, ಬೆಳೆಯಲ್ಲಿ ಪಾಲು. ಇಲ್ಲಿಯೂ ಹಾಗೆಯೇ. ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯದು, ಮನೆ ಕಟ್ಟುತ್ತದೆ, ನೀರನ್ನು ಹಿಡಿದಿಡುತ್ತದೆ. ಆ ಮನೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಕುಳಿತು ಬಿಸಿಲಿನಿಂದ ಅನ್ನ ಬೇಯಿಸುತ್ತದೆ. ಇಬ್ಬರೂ ಉಣ್ಣುತ್ತಾರೆ. ಇದನ್ನು 1867ರಲ್ಲಿ ಸ್ವಿಟ್ಸರ್ಲೆಂಡಿನ ಸೈಮನ್ ಶ್ವೆಂಡೆನರ್ ಎಂಬ ಸಸ್ಯಶಾಸ್ತ್ರಜ್ಞ ಹೇಳಿದಾಗ ಆ ಕಾಲದ ದೊಡ್ಡ ದೊಡ್ಡ ಪಂಡಿತರು ಒಪ್ಪಲಿಲ್ಲ. ಕಡೆಗೆ ಅವನ ಮಾತೇ ನಿಂತಿತು. 2016ರಲ್ಲಿ ಕೆಲವು ಜಾತಿಗಳ ಹೊರಚರ್ಮದಲ್ಲಿ ಮೂರನೆಯ ಪಾಲುದಾರ, ಒಂದು ಬಗೆಯ ಯೀಸ್ಟು, ಇರುವುದನ್ನೂ ಕಂಡುಹಿಡಿದರು.

ಭದ್ರಾ ನಾಲೆಯ ಕೆಳಗೆ ಭತ್ತ ಬೆಳೆಯುವವರಿಗೆ ಇಂಥ ಪಾಲುಗಾರಿಕೆ ವಿಚಿತ್ರವೇನಲ್ಲ. ಗದ್ದೆಗೆ ಬಿಡುವ ಅಜೋಲದ ಎಲೆಯೊಳಗೆ ನೀಲಿಹಸಿರು ಪಾಚಿ ಕುಳಿತು ಗಾಳಿಯ ಸಾರಜನಕ ಹಿಡಿದು ಕೊಡುತ್ತದೆ ಅಲ್ಲವೇ? ಕೆಲವು ಕಲ್ಲುಹೂವುಗಳಲ್ಲಿಯೂ ಅದೇ ನೀಲಿಹಸಿರು ಬಳಗದ ಪಾಚಿ ಇರುತ್ತದೆ.

ಈಗ ಮುಖ್ಯವಾದ ಮಾತು. ಮನೆಯಲ್ಲೇ ಅಡುಗೆಯಾಗುವಾಗ ನೆರೆಮನೆಗೆ ಕದಿಯಲು ಹೋಗುವ ಅಗತ್ಯವಿಲ್ಲ. ಕಲ್ಲುಹೂವು ಮರದ ರಸ ಹೀರುವುದಿಲ್ಲ. ಮರ ಅದಕ್ಕೆ ನಿಲ್ಲುವ ಜಗಲಿ ಅಷ್ಟೆ. ಬಂಡೆಯ ಮೇಲೆ, ಹೆಂಚಿನ ಮೇಲೆ, ಗಡಿಕಲ್ಲಿನ ಮೇಲೆ ಬೆಳೆಯುವುದೂ ಇದೇ ಬಳಗ. ಗಡಿಕಲ್ಲಿನಲ್ಲಿ ಹೀರಲು ಏನು ರಸ ಇದೆ ಹೇಳಿ?

"ಹಾಗಾದರೆ ಸೊರಗಿದ ಮರದಲ್ಲೇ ಇದು ಹೆಚ್ಚು ಕಾಣುವುದು ಯಾಕೆ ಸಾಹೇಬ್ರೆ?" ಎಂದು ಕಡರನಾಯಕನಹಳ್ಳಿಯ ಹಿರಿಯರು ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ. ಮರ ಸೊರಗಿದಾಗ ಎಲೆ ಉದುರಿ ತೆಳ್ಳಗಾಗುತ್ತದೆ. ಕಾಂಡದ ಮೇಲೆ ಬಿಸಿಲು ಬೀಳುತ್ತದೆ. ತೊಗಟೆ ಬೇಗ ಬೆಳೆದು ಕಳಚುವುದೂ ನಿಲ್ಲುತ್ತದೆ. ಬೆಳಕೂ ಅಲುಗದ ಜಾಗವೂ ಸಿಕ್ಕ ಮೇಲೆ ಕಲ್ಲುಹೂವು ಹರಡುತ್ತದೆ. ಅಂದರೆ ಸೊರಗು ಮೊದಲು, ಕಲ್ಲುಹೂವು ಆಮೇಲೆ. ನಾವು ಹಿಂದಿನದನ್ನು ಮುಂದು ಮಾಡಿ ಮೋಸಹೋಗುತ್ತೇವೆ. ಹಣ ಹೋಗುವುದಷ್ಟೇ ಅಲ್ಲ, ನಿಜವಾದ ರೋಗಕ್ಕೆ ಒಂದು ವರ್ಷ ಬಿಡುವು ಕೊಟ್ಟಂತೆ ಆಗುತ್ತದೆ. ಆ ತಾಯಿಯ ತೋಟದಲ್ಲಿ ಆದದ್ದು ಇದೇ.

ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಮರದ ಮೇಲೆ ಕಾಣುವುದೆಲ್ಲ ಕಲ್ಲುಹೂವೂ ಅಲ್ಲ. ಆದ್ದರಿಂದ ಮೊದಲು ಬೇರ್ಪಡಿಸುವುದನ್ನು ಕಲಿಯಬೇಕು. ನಾಲ್ಕು ಪರೀಕ್ಷೆ ಹೇಳುತ್ತೇನೆ. ಖರ್ಚಿಲ್ಲ.

ಮೊದಲನೆಯದು ನೀರು ಮತ್ತು ಉಗುರು. ಬಿಲ್ಲೆಯ ಮೇಲೆ ನೀರು ಚಿಮುಕಿಸಿ ಐದು ನಿಮಿಷ ಬಿಡಿ. ಆಮೇಲೆ ಉಗುರಿನಿಂದ ಮೆಲ್ಲಗೆ ಗೀರಿ. ಮೇಲಿನ ಬೂದು ಚರ್ಮದ ಕೆಳಗೆ ಹಸಿರು ಪದರ ಕಂಡರೆ ಅದು ಕಲ್ಲುಹೂವು. ಕೆಲವು ಜಾತಿಯಲ್ಲಿ ಹಸಿರಿಗೆ ಬದಲು ಕಿತ್ತಳೆ ಛಾಯೆ ಕಂಡೀತು. ಅದರೊಳಗಿನ ಪಾಚಿಯ ಬಣ್ಣ ಹಾಗೆ.

ಎರಡನೆಯದು, ಬೆರಳಿನಿಂದ ಒತ್ತಿ ನೋಡುವುದು. ಒತ್ತಿದರೆ ಪಿಚಕ್ಕೆಂದು ತೇವವಾಗಿ, ಮೇಣದಂತೆ ಅಂಟಿದರೆ, ಸುತ್ತ ಇರುವೆ ಸಾಲು ಹತ್ತಿದ್ದರೆ ಅದು ಹಿಟ್ಟು ತಿಗಣೆ ಅಥವಾ ಶಲ್ಕ ಕೀಟ. ಅದು ರಸ ಹೀರುವ ಶತ್ರು. ಅದಕ್ಕೆ ಉಪಾಯ ಮಾಡಲೇಬೇಕು.

ಮೂರನೆಯದು, ಎಲೆಯನ್ನು ನೋಡುವುದು. ಮಾವು, ಸೀಬೆಯ ಎಲೆಯ ಮೇಲೆ ತುಕ್ಕು ಬಣ್ಣದ, ಮಖಮಲ್ಲಿನಂಥ ಚುಕ್ಕೆ ಇದ್ದರೆ ಅದು ಕೆಂಪು ತುಕ್ಕು. ಅದು ಬಿಡಿ ಪಾಚಿಯೊಂದರ ಉಪದ್ರವ. ಕೊಂಬೆಯ ಮೇಲೆ ಗುಲಾಬಿ ಬಣ್ಣದ ಹೊದಿಕೆ ಬಂದು, ಅಲ್ಲಿಂದ ತುದಿಯ ಕಡೆಗೆ ಎಲೆ ಬಾಡಿ ತೊಗಟೆ ಸೀಳಿದ್ದರೆ ಅದು ಗುಲಾಬಿ ರೋಗ. ಆ ಕೊಂಬೆಯನ್ನು ಕಡಿದು ಸುಡಬೇಕು.

ನಾಲ್ಕನೆಯದು, ನಾನು ಮಾಡದೆ ಬಿಟ್ಟ ಪರೀಕ್ಷೆ. ಬಗ್ಗಿ ಬುಡ ನೋಡಿ. ತೆಂಗು ಅಡಿಕೆಯ ಬುಡದಲ್ಲಿ ಕೆಂಗಂದು ರಸ ಒಸರಿದೆಯೇ? ಕೆಳಗಿನ ಗರಿ ಜೋತುಬಿದ್ದಿದೆಯೇ? ಬುಡದಲ್ಲಿ ಅಣಬೆ ಮೂಡಿದೆಯೇ? ಹಾಗಿದ್ದರೆ ಅಣಬೆ ರೋಗ. ತಡಮಾಡದೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೋ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ತಿಳಿಸಿ. ರೋಗದ ಮರದ ಬುಡ ತೊಯ್ದ ನೀರು ಒಳ್ಳೆಯ ಮರಕ್ಕೆ ಹರಿಯಬಾರದು. ಸತ್ತ ಮರವನ್ನು ಬೊಡ್ಡೆ ಬೇರು ಸಮೇತ ತೆಗೆದು ಸುಡಬೇಕು. ಉಳಿದ ಮರಗಳಿಗೆ ವರ್ಷಕ್ಕೆ ಮರವೊಂದಕ್ಕೆ 5 ಕಿಲೋ ಬೇವಿನ ಹಿಂಡಿ ಕೊಡುವುದು ಒಳ್ಳೆಯದು. ಬುಡವನ್ನು ಬಿಟ್ಟು ಮೇಲೆ ಕಾಂಡದ ಬಿರುಕಿನಿಂದ ರಸ ಸೋರಿ ಕಪ್ಪಾಗಿ ಒಣಗಿದ್ದರೆ ಅದು ಕಾಂಡ ಸೋರುವ ರೋಗ, ಅದರ ಚಿಕಿತ್ಸೆ ಬೇರೆ.

ಈ ನಾಲ್ಕೂ ಪರೀಕ್ಷೆ ಮುಗಿದು ಅದು ಕಲ್ಲುಹೂವೇ ಎಂದಾದರೆ, ಬಾಂಧವರೇ, ಮರವನ್ನು ಕೆರೆಯಬೇಡಿ. ಕೆರೆದರೆ ತೊಗಟೆಗೆ ಗಾಯವಾಗುತ್ತದೆ, ಗಾಯದಲ್ಲಿ ನಿಜವಾದ ರೋಗ ಹೊಕ್ಕೀತು. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಆ ಕೆಲಸಕ್ಕೆ ಸರಿ. ಈ ಚಿಬ್ಬಿಗೆ ಅದನ್ನು ಸುರಿಯುವುದು ದುಡ್ಡನ್ನು ಹೊಳೆಗೆ ಹಾಕಿದಂತೆ. ಬಿಸಿಲ ಬೇಗೆಗೆ ಅಡಿಕೆ ಕಾಂಡಕ್ಕೆ ಸುಣ್ಣ ಬಳಿಯುವವರು ಬಳಿಯಿರಿ, ಅದು ಬೇರೆ ಮಾತು.

ಇಷ್ಟು ಹೇಳಿದಾಗ ಆ ಹಿರಿಯರು ಸುಮ್ಮನಾದರು. ಅವರ ಮೊಮ್ಮಗಳು, ಒಂಬತ್ತನೆಯ ತರಗತಿಯ ಹುಡುಗಿ, ಸುಮ್ಮನಾಗಲಿಲ್ಲ. "ಸಾರ್, ಎಲ್ಲಾನೂ ಕಲ್ಲುಹೂವು ಅಂದ್ರೆ ಹೆಂಗೆ? ಬಿಳೀದು ಬೇರೆ, ಅರಿಷಿಣದ್ದು ಬೇರೆ ಕಾಣ್ತಾವಲ್ಲ. ಒಂದೊಂದಕ್ಕೂ ಒಂದು ಹೆಸರು ಇರಬೇಕಲ್ಲ?" ಎಂದು ಕೇಳಿದಳು.

ಇರಬೇಕು, ಇದೆ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಸಸ್ಯಗಳಿಗೆ ಹೆಸರಿಡುವಾಗ ಇವನ್ನೆಲ್ಲ ಲೈಕೆನ್ ಎಂಬ ಒಂದೇ ಕುಲದಲ್ಲಿ ತುಂಬಿಬಿಟ್ಟಿದ್ದ. ಅವನ ಶಿಷ್ಯ ಆಕೇರಿಯಸ್ ಅವನ್ನು ಬಿಡಿಸಿ ವಿಂಗಡಿಸತೊಡಗಿದ. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಬುನಾದಿ ಹಾಕಿದವರು ಲಖನೌ ವಿಶ್ವವಿದ್ಯಾಲಯದ ಧರಣೀಧರ ಅವಸ್ಥಿಯವರು. 1988 ಮತ್ತು 1991ರಲ್ಲಿ ಅವರು ಪ್ರಕಟಿಸಿದ ಗುರುತಿನ ಕೈಪಿಡಿಗಳನ್ನು ಈಗಲೂ ಬಳಸುತ್ತಾರೆ. 2010ರಲ್ಲಿ ಹೊರಬಂದ ಭಾರತದ ಪಟ್ಟಿಯಲ್ಲಿ 2,303 ಜಾತಿಗಳಿದ್ದವು. ಆಮೇಲೆ ಇನ್ನೂ ಸೇರಿವೆ. ನಮ್ಮ ರಾಜ್ಯದಲ್ಲಿ ವಿದ್ವಾಂಸರ ಗಮನ ಹೆಚ್ಚಾಗಿ ಹೋದದ್ದು ಮಳೆಯ ಸೀಮೆಗೆ: ಕುದುರೆಮುಖ, ಭದ್ರಾ ಅಭಯಾರಣ್ಯ, ಕೊಡಗು. ಅಲ್ಲಿ ಕೊಂಬೆಗೆ ಗಡ್ಡದಂತೆ ಜೋತಾಡುವ ಚೆಂದದ ಜಾತಿಗಳಿವೆ. ನಮ್ಮ ಬಯಲು ಸೀಮೆಯ ತೋಟ, ಬೇಲಿ, ಗಡಿಕಲ್ಲುಗಳನ್ನು ಅಷ್ಟು ಕೂಲಂಕಷವಾಗಿ ನೋಡಿದವರು ಕಡಿಮೆ. ಆದಕಾರಣ ಇಲ್ಲಿ ಎಚ್ಚರದಿಂದ ನೋಡುವ ಒಬ್ಬ ಹುಡುಗಿಯ ಕಣ್ಣಿಗೂ ಬೆಲೆ ಇದೆ.

ಆ ಸಂಜೆ ನಾವು ಒಂದು ಕೆಲಸ ಮಾಡಿದೆವು. ಹೆಸರಿನ ಗೋಜಿಗೆ ಮೊದಲೇ ಹೋಗದೆ, ಕಾಳು ಆರಿಸಿದ ಹಾಗೆ, ಒಂದೇ ತರಹದವನ್ನು ಒಂದು ಕಡೆ ಮಾಡಿ ಅಂಕೆ ಕೊಟ್ಟೆವು. ತೆಂಗಿನ ಮೇಲೆ ಮೂರು, ಅಡಿಕೆಯ ಮೇಲೆ ಎರಡು, ಹೊಲದ ಗಡಿಕಲ್ಲಿನ ಮೇಲೆ ಎರಡು, ಒಟ್ಟು ಏಳು ಬಗೆ ಸಿಕ್ಕವು. ನೀವೂ ಮಾಡಬಹುದು. ವಿಂಗಡಿಸುವುದಕ್ಕೆ ಕೇಳಬೇಕಾದ ಪ್ರಶ್ನೆಗಳು ಇವು.

ಮೊದಲ ಪ್ರಶ್ನೆ: ಮೈಕಟ್ಟು ಹೇಗಿದೆ? ಸುಣ್ಣ ಬಳಿದಂತೆ ಅಂಟಿಕೊಂಡು, ಉಗುರಿಗೆ ಏಳದೆ ಇರುವುದು ಒಂದು ಗುಂಪು. ಇದನ್ನು ಹಕ್ಕಳೆ ಜಾತಿ ಎನ್ನೋಣ. ಅಂಚು ಎಲೆಯಂತೆ ಕವಲೊಡೆದು, ಚಾಕುವಿನ ಮೊನೆಗೆ ಎದ್ದು ಬರುವುದು ಎರಡನೆಯ ಗುಂಪು, ಎಲೆ ಜಾತಿ. ಒಂದೇ ಕಡೆ ಬುಡ ಊರಿ, ಪೊದೆಯಂತೆ ನಿಂತು ಅಥವಾ ಗಡ್ಡದಂತೆ ಇಳಿಬೀಳುವುದು ಮೂರನೆಯದು, ಪೊದೆ ಜಾತಿ. ನಮ್ಮ ಒಣ ಸೀಮೆಯಲ್ಲಿ ಮೊದಲೆರಡೇ ಹೆಚ್ಚು.

ಎರಡನೆಯ ಪ್ರಶ್ನೆ: ಮೇಲೆ ಏನಿದೆ? ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು. ಸಣ್ಣ ಬಟ್ಟಲಿನಂಥ ಗುಂಡು ಇವೆಯೇ? ಹಿಟ್ಟು ಚೆಲ್ಲಿದಂಥ ಪುಡಿ ಇದೆಯೇ? ಸೂಜಿಮೊನೆಯಂಥ ಮುಳ್ಳು ಎದ್ದಿವೆಯೇ? ಬಟ್ಟಲು ಶಿಲೀಂಧ್ರದ ಬೀಜ ಹುಟ್ಟುವ ಮನೆ. ಪುಡಿ ಮತ್ತು ಮುಳ್ಳುಗಳು ಇಬ್ಬರನ್ನೂ ಕಟ್ಟಿಕೊಂಡು ಗಾಳಿಯಲ್ಲಿ ಹೋಗುವ ಸಸಿಗಳು.

ಮೂರನೆಯ ಪ್ರಶ್ನೆ: ಎಲ್ಲಿ ನೆಲೆಸಿದೆ? ಕಲ್ಲೋ, ತೊಗಟೆಯೋ, ಯಾವ ಮರ, ಯಾವ ದಿಕ್ಕು, ನೆರಳೋ ಬಿಸಿಲೋ.

ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಹೆಸರು ಸಿಕ್ಕಂತೆ. ಅಡಿಕೆಯ ನುಣುಪಾದ ಕಾಂಡದ ಮೇಲೆ ಬೂದು ಬಿಲ್ಲೆ, ಅದರ ಮೇಲೆ ಕಪ್ಪು ಶಾಯಿಯಲ್ಲಿ ಮಗು ಗೀಚಿದಂಥ ಅಕ್ಷರ ಕಂಡಿತು. ಇದು ಗ್ರಾಫಿಸ್ ಬಳಗದ್ದು. ಆ ಗ್ರೀಕ್ ಹೆಸರೂ ಬರವಣಿಗೆಗೆ ಸಂಬಂಧಿಸಿದ್ದೇ. ತೆಂಗಿನ ನೆರಳು ಬದಿಯಲ್ಲಿ ಅರಿಷಿಣ ಚೆಲ್ಲಿದಂತೆ ಇದ್ದದ್ದು ಕ್ರೈಸೋಥ್ರಿಕ್ಸ್ ಇರಬೇಕು. ಅದಕ್ಕೆ ಎಲೆಯೂ ಇಲ್ಲ ಬಟ್ಟಲೂ ಕಾಣುವುದಿಲ್ಲ, ಬರಿಯ ಹಳದಿ ಪುಡಿ. ಗಡಿಕಲ್ಲಿನ ಮೇಲೆ ಮೊಟ್ಟೆಯ ಭಂಡಾರದಂಥ ಕಿತ್ತಳೆ ಬಣ್ಣದ್ದು ಒಂದಿತ್ತು, ನೋಟಕ್ಕೆ ಕ್ಯಾಲೋಪ್ಲಾಕಾ.

ಆದರೆ ತೆಂಗಿನ ಮೇಲಿದ್ದ ಎರಡು ಬೂದು ಎಲೆ ಜಾತಿಗಳು ನಮ್ಮನ್ನು ಸತಾಯಿಸಿದವು. ಎರಡೂ ತೊಗಟೆಗೆ ಒತ್ತಿ ಕುಳಿತಿವೆ, ಎರಡಕ್ಕೂ ಬೂದು ಬಣ್ಣ, ಅವಳಿ ಮಕ್ಕಳಂತೆ. ಬಯಲು ಸೀಮೆಯ ಮರಗಳಲ್ಲಿ ಪಿಕ್ಸಿನ್ ಕೊಕೋಯಿಸ್ ಮತ್ತು ಡಿರಿನೇರಿಯಾ ಎಂಬ ಇಬ್ಬರು ಹೀಗೆ ಒಟ್ಟಿಗೆ ಸಿಕ್ಕುತ್ತಾರೆ. ಮೊದಲನೆಯದರ ಹೆಸರಿನಲ್ಲೇ ತೆಂಗು ಇದೆ ನೋಡಿ. ಇವರನ್ನು ಬೇರೆ ಮಾಡುವುದು ಹೇಗೆ? ಕೆಳಮೈ ಎಬ್ಬಿಸಿ ನೋಡಿದರೆ ಪಿಕ್ಸಿನ್‌ಗೆ ಬೇರಿನಂಥ ಎಳೆಗಳಿರುತ್ತವೆ, ಡಿರಿನೇರಿಯಾಕ್ಕೆ ಇರುವುದಿಲ್ಲ. ಅದಕ್ಕಿಂತ ಸುಲಭದ ದಾರಿ ಇನ್ನೊಂದಿದೆ. ಅಂಗಡಿಯವರು ಖೋಟಾ ನೋಟು ಪತ್ತೆಗೆ ಇಟ್ಟುಕೊಳ್ಳುವ ನೀಲಿ ದೀಪ ಗೊತ್ತಲ್ಲ? ಅದನ್ನು ತರಿಸಿದೆವು. ಕತ್ತಲಾದ ಮೇಲೆ ಹಿಡಿದೆವು. ಒಂದು ಬಿಲ್ಲೆ ನಿಂಬೆಹಣ್ಣಿನಂತೆ ಹಳದಿಯಾಗಿ ಹೊಳೆಯಿತು. ಪಕ್ಕದ್ದು ಮಂಕಾಗಿಯೇ ಉಳಿಯಿತು. ಪಿಕ್ಸಿನ್ ಕೊಕೋಯಿಸ್ ತನ್ನ ಚರ್ಮದಲ್ಲಿ ಇಟ್ಟುಕೊಂಡಿರುವ ಒಂದು ರಾಸಾಯನಿಕದ ಗುಣ ಅದು. ತೋಟದಲ್ಲಿ ಸೇರಿದ್ದ ಮಕ್ಕಳೆಲ್ಲ "ಹೋ" ಎಂದು ಕೂಗಿದರು. ಅಜ್ಜನವರು ಮಾತ್ರ, "ಇಷ್ಟು ದಿನ ಇದು ನಮ್ಮ ತೋಟದಾಗೇ ಇತ್ತಲ್ಲ" ಎಂದು ಮೆಲ್ಲಗೆ ಅಂದರು.

ರಾಸಾಯನಿಕದಿಂದ ಗುರುತು ಹಿಡಿಯುವುದು ಹಳೆಯ ಪದ್ಧತಿ. 1866ರಲ್ಲಿ ನೈಲಾಂಡರ್ ಎಂಬ ಪಂಡಿತರು ಇದನ್ನು ಆರಂಭಿಸಿದರು. ಕಾಸ್ಟಿಕ್ ಪೊಟ್ಯಾಷಿನ ದ್ರಾವಣದ ಒಂದು ತೊಟ್ಟು ಕಿತ್ತಳೆ ಕ್ಯಾಲೋಪ್ಲಾಕಾದ ಮೇಲೆ ಬಿದ್ದರೆ ಅದು ನೇರಳೆಗೆಂಪಾಗುತ್ತದೆ. ಮಸಾಲೆಗೆ ಹಾಕುವ ಕಲ್ಲುಹೂವಿನಲ್ಲಿ ಪಾರ್ಮೊಟ್ರಿಮಾ ಟಿಂಕ್ಟೋರಮ್ ಎಂಬುದು ಮುಖ್ಯವಾದದ್ದು. ಅದರ ಮೇಲ್ಚರ್ಮ ಕೆರೆದು ಒಳಗಿನ ಬಿಳಿ ತಿರುಳಿಗೆ ಆಗ ತಾನೆ ಕಲಸಿದ ಬ್ಲೀಚಿಂಗ್ ಪುಡಿಯ ನೀರು ತಾಗಿಸಿದರೆ ಕೆಂಪಾಗುತ್ತದೆ. ಕಾಸ್ಟಿಕ್ ಪೊಟ್ಯಾಷ್ ಕೈ ಸುಡುವ ಪದಾರ್ಥ. ಶಾಲೆಯ ವಿಜ್ಞಾನದ ಮೇಷ್ಟರ ಎದುರಿನಲ್ಲೇ ಮಾಡಬೇಕು, ಮಕ್ಕಳ ಕೈಗೆ ಕೊಡಬಾರದು. ಪರೀಕ್ಷೆ ಮಾಡಿದ ಚೂರನ್ನು ತಿರುಗಿ ಅಡುಗೆಗೆ ಹಾಕಬಾರದು. ತೋಟದಿಂದ ಕಿತ್ತದ್ದನ್ನೂ ಸಾರಿಗೆ ಹಾಕಬೇಡಿ; ಎಲ್ಲ ಜಾತಿಯೂ ತಿನ್ನತಕ್ಕದ್ದಲ್ಲ. ಇನ್ನೊಂದು ಮಾತು. ಹುಳಿಯೋ ಕ್ಷಾರವೋ ನೋಡಲು ಶಾಲೆಯಲ್ಲಿ ಅದ್ದುವ ಲಿಟ್ಮಸ್ ಕಾಗದದ ಬಣ್ಣ ಮೊದಲು ದೊರೆತದ್ದೂ ಕಲ್ಲುಹೂವಿನಿಂದಲೇ.

ಇನ್ನು ಮಾದರಿ ಇಡುವ ಕ್ರಮ. ಬೆರಳುಗುರಿನ ಎರಡರಷ್ಟು ಚೂರು ಸಾಕು. ತೊಗಟೆಯ ಸತ್ತ ಮೇಲ್ಪದರದ ಸಮೇತ ತೆಗೆಯಿರಿ, ಒಳ ತೊಗಟೆಗೆ ಚಾಕು ಹೋಗಬಾರದು. ನೆರಳಲ್ಲಿ ಒಣಗಿಸಿ. ಪ್ಲಾಸ್ಟಿಕ್ ಚೀಲ ಬೇಡ, ಬೂಷ್ಟು ಬರುತ್ತದೆ. ಹಳೆಯ ಕಾಗದವನ್ನು ಪೊಟ್ಟಣ ಮಡಿಸಿ ಅದರೊಳಗೆ ಇಡಿ. ಪೊಟ್ಟಣದ ಮೇಲೆ ಬರೆಯಬೇಕಾದದ್ದು ಆರು ಸಂಗತಿ: ಅಂಕೆ, ಊರು, ತಾರೀಖು, ಯಾವ ಮರ ಅಥವಾ ಕಲ್ಲು, ನೆಲದಿಂದ ಎಷ್ಟು ಎತ್ತರ ಮತ್ತು ಯಾವ ದಿಕ್ಕು, ತೆಗೆದವರ ಹೆಸರು. ಊರು ತಾರೀಖು ಇಲ್ಲದ ಮಾದರಿ ವಿಳಾಸವಿಲ್ಲದ ಕಾಗದದಂತೆ, ಯಾರಿಗೂ ಮುಟ್ಟುವುದಿಲ್ಲ.

ನಾವು ಏಳು ಪೊಟ್ಟಣ ಮಾಡಿದೆವು. ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆದು ಮುಂದೆ ಪ್ರಶ್ನೆಯ ಗುರುತು ಹಾಕಿದೆವು. ಎರಡಕ್ಕೆ ಹೆಸರೇ ಬರೆಯಲಿಲ್ಲ. ಇದು ಅವಮಾನವಲ್ಲ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದು ಬರೆಯುವುದೇ ವರ್ಗೀಕರಣದ ಮೊದಲ ಪಾಠ. ಆ ತಾಯಿಯ ತೋಟದಲ್ಲಿ ನಾನು ಹೀಗೆ ಒಂದು ಪ್ರಶ್ನೆಯ ಗುರುತು ಹಾಕಿದ್ದರೆ ಬುಡ ನೋಡುತ್ತಿದ್ದೆ. ಇಂಥ ಪೊಟ್ಟಣಗಳನ್ನು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದವರಿಗೆ ತೋರಿಸಬಹುದು. ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿ ಕಲ್ಲುಹೂವುಗಳದೇ ದೊಡ್ಡ ಸಂಗ್ರಹವಿದೆ. ಅಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಬೀಜದ ಆಕಾರ ನೋಡಿ ಕಡೆಯ ತೀರ್ಮಾನ ಹೇಳುತ್ತಾರೆ.

ಎಲ್ಲಿ ತೆಗೆಯಬಾರದು ಎಂಬುದನ್ನೂ ಹೇಳಿಬಿಡುತ್ತೇನೆ. ಕೊಂಡಜ್ಜಿಯ ಗುಡ್ಡದಂಥ ಅರಣ್ಯ ಪ್ರದೇಶದಲ್ಲಿ ಇಲಾಖೆಯ ಅಪ್ಪಣೆಯಿಲ್ಲದೆ ಏನನ್ನೂ ತೆಗೆಯಬಾರದು. ಗುಡಿಯ ಕಲ್ಲು, ವೀರಗಲ್ಲು, ಶಾಸನಗಳನ್ನು ಕೆರೆಯಲೇ ಬಾರದು. ಹರಿಹರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ. ಅಂಥ ಕಲ್ಲಿನ ಮೇಲೆ ಬಿಲ್ಲೆ ಕಂಡು, ಭಕ್ತಿಯಿಂದಲೇ ಆದರೂ, ತಂತಿಯ ಬ್ರಷ್ಷಿನಿಂದ ಉಜ್ಜಿದರೆ ಎಂಟು ನೂರು ವರ್ಷದ ಅಕ್ಷರವೇ ಹೋದೀತು. ಅದನ್ನು ತಿಳಿದವರಿಗೆ ಬಿಡಿ. ಹಾಗೆಯೇ ಹೆಚ್ಚು ಕೀಳಬೇಡಿ. ಹಕ್ಕಳೆ ಜಾತಿ ವರ್ಷಕ್ಕೆ ಒಂದು ಮಿಲಿಮೀಟರು ಬೆಳೆದರೆ ಹೆಚ್ಚು. ಅಂಗೈಯಗಲದ ಬಿಲ್ಲೆ ನಿಮ್ಮ ವಯಸ್ಸಿನದೇ ಇದ್ದೀತು.

"ಇದನ್ನೆಲ್ಲಾ ಬರೆದಿಟ್ರೆ ನಮಗೇನು ಸಿಗ್ತೈತಿ?" ಎಂದು ಯಾರಾದರೂ ಕೇಳಬಹುದು. ಕೇಳಬೇಕಾದದ್ದೇ.

ಒಂದು ಲಾಭ ಆಗಲೇ ಹೇಳಿದೆ, ಔಷಧಿಯ ಖರ್ಚು ಉಳಿಯುತ್ತದೆ, ನಿಜವಾದ ರೋಗದ ಕಡೆ ಕಣ್ಣು ಹೋಗುತ್ತದೆ. ಎರಡನೆಯ ಲಾಭ ಗಾಳಿಯದು. ಕಲ್ಲುಹೂವಿಗೆ ನೀರೆಳೆಯುವ ಬೇರಿಲ್ಲ. ಮಳೆ, ಇಬ್ಬನಿ, ಗಾಳಿಯಿಂದ ಬಂದದ್ದನ್ನೇ ಮೈಯಿಂದ ಹೀರಿ ಬದುಕುತ್ತದೆ. ಗಾಳಿಯಲ್ಲಿ ಗಂಧಕದ ಹೊಗೆ ಇದ್ದರೆ ಸೂಕ್ಷ್ಮ ಜಾತಿಗಳು ಮೊದಲು ಸಾಯುತ್ತವೆ. 1866ರಲ್ಲೇ ನೈಲಾಂಡರ್ ಪ್ಯಾರಿಸ್ ನಗರದ ಒಂದು ಉದ್ಯಾನದಲ್ಲಿ ಇದನ್ನು ಗಮನಿಸಿದ್ದರು. ನಮ್ಮ ಬೆಂಗಳೂರಿನ ಲಾಲ್‌ಬಾಗಿನ ಕಲ್ಲುಹೂವುಗಳ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಹಿಂದೆ ಅಲ್ಲಿಯೇ ಮಾಡಿಟ್ಟಿದ್ದ ಪಟ್ಟಿಯೊಡನೆ ಹೋಲಿಸಿದಾಗ ಹಳಬರಲ್ಲಿ ಹಲವರು ಕಾಣಲಿಲ್ಲ, ಹೊಸಬರು ಬಂದು ಕುಳಿತಿದ್ದರು. ಆ ಬದಲಾವಣೆ ತಿಳಿದದ್ದು ಹೇಗೆ? ಹಿಂದೆ ಯಾರೋ ಪುಣ್ಯಾತ್ಮರು ಪಟ್ಟಿ ಬರೆದಿಟ್ಟಿದ್ದರಿಂದ. ಪಟ್ಟಿಯೇ ಇಲ್ಲದಿದ್ದರೆ ಹೋದದ್ದು ಏನೆಂದು ಯಾರಿಗೆ ತಿಳಿಯುತ್ತದೆ?

ನಮ್ಮ ತಾಲ್ಲೂಕಿನ ನಡುವೆ ಬೆಂಗಳೂರು ಪುಣೆ ಹೆದ್ದಾರಿ ಹಾಯುತ್ತದೆ. ಹೆದ್ದಾರಿಯ ಬದಿಯ ಹತ್ತು ಮರ, ಊರೊಳಗಿನ ಹತ್ತು ಮರ, ತೋಟದ ಹತ್ತು ಮರ ಆರಿಸಿಕೊಳ್ಳಿ. ಆದಷ್ಟು ಒಂದೇ ಜಾತಿಯ, ಒಂದೇ ವಯಸ್ಸಿನ ಮರಗಳಿರಲಿ. ಎದೆಯ ಎತ್ತರದಲ್ಲಿ ಒಂದು ಅಡಿ ಚೌಕದಲ್ಲಿ ಎಷ್ಟು ಬಗೆ ಇವೆ ಎಂದು ಎಣಿಸಿ ಶಾಲೆಯ ಪುಸ್ತಕದಲ್ಲಿ ಬರೆದಿಡಿ. ಐದು ವರ್ಷಕ್ಕೊಮ್ಮೆ ಎಣಿಸಿ. ಖರ್ಚಿಲ್ಲದ ಗಾಳಿ ಪರೀಕ್ಷೆ ಅದು.

ಬಾಂಧವರೇ, ಇಷ್ಟು ಹೊತ್ತು ಹೇಳಿದ್ದನ್ನು ಮತ್ತೊಮ್ಮೆ ನೆನಪು ಮಾಡುತ್ತೇನೆ. ಮರದ ಮೇಲೆ ಚಿಬ್ಬು ಕಂಡರೆ ಗಾಬರಿಯಾಗಬೇಡಿ. ನೀರು ಹಾಕಿ ಗೀರಿ ನೋಡಿ. ಒತ್ತಿ ನೋಡಿ. ಎಲೆ ನೋಡಿ. ಮರೆಯದೆ ಬಗ್ಗಿ ಬುಡ ನೋಡಿ. ಕಲ್ಲುಹೂವಾದರೆ ಬಿಟ್ಟುಬಿಡಿ. ಬಿಡುವಿದ್ದಾಗ ಮಕ್ಕಳನ್ನು ಕೂಡಿಸಿಕೊಂಡು ಬಗೆ ಎಣಿಸಿ, ಪೊಟ್ಟಣ ಕಟ್ಟಿ, ಊರ ಹೆಸರು ತಾರೀಖು ಬರೆಯಿರಿ.

ಕಡರನಾಯಕನಹಳ್ಳಿಯ ಆ ಹುಡುಗಿ ಮೊನ್ನೆ ದೂರವಾಣಿ ಮಾಡಿದ್ದಳು. ಏಳು ಇದ್ದದ್ದು ಹದಿಮೂರು ಪೊಟ್ಟಣ ಆಗಿವೆಯಂತೆ. "ಅಜ್ಜ ಚಿಬ್ಬು ನೋಡೋಕೆ ಅಂತ ದಿನಾ ತೋಟಕ್ಕೆ ಹೋಗ್ತಾರೆ ಸಾರ್. ಮೂಲೆಯ ಒಂದು ತೆಂಗಿನ ಬುಡದಾಗೆ ಕೆಂಪು ರಸ ಬಂದದ್ದು ಅವರೇ ಕಂಡ್ರು" ಎಂದಳು. ನಾನು ಮರುದಿನವೇ ಹೋಗಿ ನೋಡಿದೆ. ಗರಿ ಇನ್ನೂ ಜೋತುಬಿದ್ದಿರಲಿಲ್ಲ. ಆ ಮರದ ಸುತ್ತ ಕಾಲುವೆ ತೋಡಿ ಬೇರ್ಪಡಿಸಿ, ಬೇವಿನ ಹಿಂಡಿ ಕೊಟ್ಟು, ಚಿಕಿತ್ಸೆ ಆರಂಭಿಸಿದ್ದೇವೆ. ಮರ ಉಳಿಯುತ್ತದೆಯೋ ಇಲ್ಲವೋ ಇಷ್ಟು ಬೇಗ ಹೇಳಲಾರೆ. ಪಕ್ಕದ ಮರಗಳಿಗೆ ರೋಗ ಹತ್ತುವ ಮೊದಲೇ ಕಣ್ಣಿಗೆ ಬಿದ್ದದ್ದು ಸುದೈವ.

ನಿಮ್ಮ ತೋಟಕ್ಕೂ ನಾಳೆ ಬೆಳಿಗ್ಗೆ ಒಂದು ಸುತ್ತು ಹೋಗಿ ಬನ್ನಿ.